ಕುತ್ತಿಗೆ ಕಪ್ಪಾದ ರಾಗಿ ತೆನೆ ಔಷಧಿಗೆ ಉಳಿಯುತ್ತದೆಯೇ?

ಪ್ರಶ್ನೆ: ಜುಲೈ ನಡುವೆ ಬಿತ್ತಿದ ರಾಗಿ ಈಗ ತೆನೆ ಬಿಡುತ್ತಿದೆ. ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಅಲ್ಲಲ್ಲಿ ತೆನೆಯ ಕುತ್ತಿಗೆ ಕಪ್ಪಾಗಿದೆ. ಔಷಧಿ ಹೊಡೆದರೆ ಉಳಿಯುತ್ತದೆಯೇ?

ಉತ್ತರ: ಕಪ್ಪಾದ ತೆನೆ ಉಳಿಯುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಆ ತೆನೆಯ ಲೆಕ್ಕ ಬಿಟ್ಟುಬಿಡಿ. ಉಳಿಸಿಕೊಳ್ಳಬೇಕಾದದ್ದು ಇನ್ನೂ ಹೊಡೆಯೊಳಗಿರುವ (ತುದಿ ಎಲೆಯ ಕವಚದಲ್ಲಿ ಅಡಗಿರುವ), ಈಗಷ್ಟೇ ಹೊರಬರುತ್ತಿರುವ ತೆನೆಗಳನ್ನು.

ಮೊದಲು ರೋಗ ಯಾವುದೆಂದು ಖಚಿತಪಡಿಸಿಕೊಳ್ಳಿ. ಒಂದು ತೆನೆ ಹಿಡಿದು ಮೆಲ್ಲಗೆ ಎಳೆಯಿರಿ. ಸುಲಭವಾಗಿ ಕಿತ್ತುಬಂದು, ತೆನೆಯೆಲ್ಲ ಬಿಳಿಚಿಕೊಂಡಿದ್ದು, ಕಾಂಡ ಸೀಳಿದಾಗ ಹುಳು ಕಂಡರೆ ಅದು ಕಾಂಡಕೊರಕ; ಶಿಲೀಂಧ್ರನಾಶಕದಿಂದ ಪ್ರಯೋಜನವಿಲ್ಲ. ತೆನೆಯ ಬುಡದಿಂದ ಎರಡು ಮೂರು ಬೆರಳಿನಷ್ಟು ಕೆಳಗೆ ದಂಟು ಕಪ್ಪಾಗಿ, ಮೇಲೆ ಬೂದಿ ಬಣ್ಣದ ಬೂಷ್ಟು ಕಂಡರೆ ಅದು ಶಿಲೀಂಧ್ರದಿಂದ ಬರುವ ಬೆಂಕಿ ರೋಗ. ಅಲ್ಲಿಂದ ಮೇಲಕ್ಕೆ ನೀರು, ಆಹಾರ ಹೋಗದೆ ಕಾಳು ಜೊಳ್ಳಾಗುತ್ತದೆ.

ಹಸ್ತ, ಚಿತ್ತೆ ಮಳೆ ಹಿಡಿದುಕೊಂಡು, ರಾತ್ರಿಯಿಡೀ ಪೈರು ಒದ್ದೆಯಿದ್ದರೆ ಈ ಶಿಲೀಂಧ್ರಕ್ಕೆ ಹಬ್ಬ. ಆದ್ದರಿಂದ ಕಪ್ಪು ಕಾಣುವವರೆಗೆ ಕಾಯಬಾರದು. ಹೊಲದ ಅರ್ಧದಷ್ಟು ತೆನೆ ಹೊರಬಂದಾಗ ಟ್ರೈಸೈಕ್ಲಜೋಲ್ 75 ಎಂಬ ಶಿಲೀಂಧ್ರನಾಶಕ ಪುಡಿಯನ್ನು ಲೀಟರ್ ನೀರಿಗೆ 0.6 ಗ್ರಾಂನಂತೆ, ಅಂದರೆ ಎಕರೆಗೆ 200 ಲೀಟರ್ ನೀರಾದರೆ 120 ಗ್ರಾಂ ಬೆರೆಸಿ, ಕುತ್ತಿಗೆ ತೋಯುವಂತೆ ಸಿಂಪಡಿಸಬೇಕು. ಮೋಡ ಸರಿಯದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮಳೆ ಬಿಡುವು ಕೊಟ್ಟ, ಎಲೆ ಆರಿದ ಹೊತ್ತನ್ನೇ ಆರಿಸಿಕೊಳ್ಳಿ. ರಾಗಿ ಹುಲ್ಲು ದನದ ಬಾಯಿಗೇ ಹೋಗುವುದರಿಂದ, ಸಿಂಪಡಿಸಿದ ಮೇಲೆ ಕೊಯ್ಲಿಗೆ ಕಾಯಬೇಕೆಂದು ಪೊಟ್ಟಣದ ಮೇಲೆ ಬರೆದ ದಿನಗಳನ್ನು ಕಡೆಗಣಿಸಬೇಡಿ.

ಇನ್ನು ಯೂರಿಯಾ. ತೆನೆ ಬಂತು, ಕಾಳು ಗಟ್ಟಿಯಾಗಲಿ ಎಂದು ಈಗ ಒಂದು ಹಿಡಿ ಎರಚುವ ಚಪಲ ನಮ್ಮಲ್ಲಿ ಬಹಳ. ಹಸಿರು ಮಿಂಚುತ್ತದೆ ನಿಜ, ಅದರ ಜೊತೆಗೆ ರೋಗವೂ ಕೊಬ್ಬುತ್ತದೆ. ಮೇಲುಗೊಬ್ಬರದ ಕಾಲ ಬಿತ್ತನೆಯಾದ ತಿಂಗಳಿಗೇ ಮುಗಿಯಿತು.

ಈ ಹೊಲದಿಂದ ಬಿತ್ತನೆಗೆ ರಾಗಿ ಎತ್ತಿಡಬೇಡಿ. ರೋಗ ಬೀಜದ ಜೊತೆಯಲ್ಲೂ ಬರುತ್ತದೆ. ಮುಂದಿನ ವರ್ಷ ಜಿಪಿಯು-28 ಎಂಬ ರಾಗಿ ತಳಿ ಹಾಕಿ ನೋಡಿ. ಇಂಡಾಫ್-5, ಇಂಡಾಫ್-9 ಮತ್ತು ಐಇ 1012 ಎಂಬ ತಳಿಗಳ ಸಂಕರದಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು ಕುತ್ತಿಗೆ ಬೆಂಕಿಯನ್ನು ಚೆನ್ನಾಗಿ ತಡೆಯುತ್ತದೆ. ಮನೆಯ ಬೀಜವೇ ಬೇಕೆನ್ನುವವರು ರೋಗ ಕಾಣದ ಹೊಲದ್ದನ್ನು ತಂದು, ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಲೇಪಿಸಿ ಬಿತ್ತಲಿ.