ಬೇಬಿ ಬೆಟ್ಟ: ಸ್ಫೋಟ ನಿಂತಿತು, ಗುಂಡಿಗಳ ಕತೆ?

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಸುದ್ದಿಯನ್ನು ಮೊದಲಿಂದ ಹೇಳಿ ಅಂದರೆ ಮಂಡ್ಯದವರೇ ಈಗ ತಡವರಿಸುತ್ತಾರೆ. ಕ್ವಾರಿ ಸ್ಫೋಟದಿಂದ ಹತ್ತಿರದ ಕನ್ನಂಬಾಡಿ ಕಟ್ಟೆಗೆ (ಕೆಆರ್‌ಎಸ್ ಅಣೆಕಟ್ಟೆಗೆ) ಅಪಾಯ ಇದೆ, ಇಲ್ಲ. ಪ್ರಾಯೋಗಿಕ ಸ್ಫೋಟ ಬೇಕು, ಬೇಡ. ಕೋರ್ಟು, ಧರಣಿ, ಪತ್ರಿಕಾಗೋಷ್ಠಿ ಎಲ್ಲ ಕಲಸಿಹೋಗಿದೆ. ಈ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಮೂಲೆ ಸೇರಿದೆ. ಕಲ್ಲು ತೆಗೆದು ಬಿಟ್ಟುಹೋದ ಜಾಗವನ್ನು ಏನು ಮಾಡೋದು?

ಕಲ್ಲು ಒಡೆಯುವುದು ಈ ಸೀಮೆಗೆ ಹೊಸದೇನಲ್ಲ. ಹಿಂದೆ ಬಂಡೆ ಮೇಲೆ ಬೆಂಕಿ ಹಾಕಿ, ಕಾದ ಪದರ ಬಿಟ್ಟುಕೊಂಡ ಮೇಲೆ ಉಳಿ ಸುತ್ತಿಗೆಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದರು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯೂ ಕಲ್ಲು ಮತ್ತು ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿ) ಗಾರೆಯದೇ. ಮೈಸೂರಿನ ದಕ್ಷಿಣಕ್ಕೆ ಸಿಂಧುವಳ್ಳಿ ಕಡೆ ಕ್ರೋಮೈಟ್ ತೆಗೆದರು, ದೊಡ್ಡಕಾನ್ಯದಲ್ಲಿ ಮ್ಯಾಗ್ನಸೈಟ್ ತೆಗೆದರು. ಆಮೇಲೆ ಕ್ರಷರ್ ಬಂತು. ನದಿ ಮರಳಿಗೆ ಕಡಿವಾಣ ಬಿದ್ದ ಹಾಗೆ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್‌ಗೆ ಬೇಡಿಕೆ ಏರಿತು. ಊರೂರಲ್ಲೂ ಕಾಂಕ್ರೀಟ್ ಮನೆ, 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ. ಅಷ್ಟೆಲ್ಲ ಜಲ್ಲಿ ಎಲ್ಲಿಂದಲೋ ಬರಲೇಬೇಕಿತ್ತು, ಅಲ್ವಾ?

ಕೈಯಲ್ಲಿ ಒಡೆದ ಹಳೇ ಕ್ವಾರಿ ಚಿಕ್ಕದು, ಇಳಿಜಾರಾಗಿರುತ್ತದೆ. ಒಂದೆರಡು ಮಳೆಗಾಲ ಕಳೆದರೆ ಸಂದಿಗೊಂದಿಯಲ್ಲಿ ಮಣ್ಣು ಕೂರುತ್ತದೆ, ಹುಲ್ಲು ಬರುತ್ತದೆ. ಮೆಷಿನ್ ಕ್ವಾರಿ ಹಾಗಲ್ಲ. ಗೋಡೆಯಂತೆ ನೆಟ್ಟಗೆ ನಿಂತ ಬಂಡೆ, ಅದರ ಮೇಲೆ ಮೇಲಿಂದ ಕೆಳಗೆ ಸಾಲಾಗಿ ಡ್ರಿಲ್ಲಿಂಗ್ ಗೀರು. ತಳದಲ್ಲಿ ಹಸಿರುಗಟ್ಟಿದ ನೀರು. ದಡ ಅನ್ನೋದೇ ಇಲ್ಲ, ಕಾಲಿಟ್ಟರೆ ನೇರ ಆಳ. ಇಂಥ ನೀರಿಗೆ ಈಜಲು ಇಳಿದು ಜೀವ ಕಳೆದುಕೊಂಡ ಹುಡುಗರ ಸುದ್ದಿ ರಾಜ್ಯದ ಒಂದಲ್ಲ ಒಂದು ಕಡೆಯಿಂದ ಪ್ರತಿ ಬೇಸಿಗೆಯಲ್ಲೂ ಬರುತ್ತದೆ.

ಬೇಬಿ ಬೆಟ್ಟದ ಗಲಾಟೆ ದೊಡ್ಡದಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಸುತ್ತಮುತ್ತ ಭಾರೀ ಸದ್ದು ಕೇಳಿ ಜನ ಗಾಬರಿಯಾದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಕಂಪನ ಮಾಪಕದಲ್ಲೂ ಅದು ದಾಖಲಾಯಿತು. ಇದು ಕ್ವಾರಿ ಸ್ಫೋಟದ್ದಿರಬಹುದು, ಕಟ್ಟೆಗೆ ಒಳ್ಳೆಯದಲ್ಲ ಎಂದು ಆ ಉಸ್ತುವಾರಿ ಕೇಂದ್ರ ವರದಿ ಕೊಟ್ಟಿತು. ಅಲ್ಲಿಂದ 'ಮೆಗ್ಗರ್ ಬ್ಲಾಸ್ಟ್' (ಕ್ವಾರಿಯ ಭಾರೀ ಸ್ಫೋಟ) ಅನ್ನೋದು ಇಲ್ಲಿ ಮನೆಮಾತಾಯಿತು. 2021ರಲ್ಲಿ ಕಟ್ಟೆ ಬಿರುಕು ಬಿಟ್ಟಿದೆಯೇ ಎಂಬುದು ರಾಜಕೀಯ ಜಗಳವಾಯಿತು. ಎಷ್ಟು ಅದುರುತ್ತದೆ ಎಂದು ಅಳೆಯಲು 2022ರಲ್ಲಿ ಪ್ರಾಯೋಗಿಕ ಸ್ಫೋಟಕ್ಕೆ ತಯಾರಿ ನಡೆದಾಗ ರೈತರು 'ಗೋ ಬ್ಯಾಕ್' ಅಂದರು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಅದೇ ವರ್ಷ ಮತ್ತೆ ಪ್ರಾಯೋಗಿಕ ಸ್ಫೋಟದ ಮಾತು ಬಂತು, ಮತ್ತೆ ರೈತರು ಬೀದಿಗಿಳಿದರು.

ಕಟ್ಟೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ವರ್ಷದ ಚರ್ಚೆಯೆಲ್ಲ ಸ್ಫೋಟ ಕಟ್ಟೆಯನ್ನು ಎಷ್ಟು ಅಲುಗಿಸುತ್ತದೆ ಅನ್ನೋದರ ಸುತ್ತಲೇ ತಿರುಗಿತು. ಬೆಟ್ಟಕ್ಕೆ ಏನಾಯಿತು ಎಂದು ಕೇಳಿದವರು ಕಮ್ಮಿ. ತಡೆ ಬಿದ್ದರೆ ಸದ್ದು ನಿಲ್ಲುತ್ತದೆ ಅಷ್ಟೆ, ಗುಂಡಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಕೂಲಿ ಕಳೆದುಕೊಂಡ ಕಲ್ಲುಕುಟಿಗರಿಗೂ ತಡೆಯಾಜ್ಞೆಯಿಂದ ಬೇರೆ ದಾರಿ ಸಿಗುವುದಿಲ್ಲ.

ಬೆಟ್ಟದ ಸುತ್ತಲಿನ ಜಾಗ ಅಮೃತ್ ಮಹಲ್ ಕಾವಲು. ಅಂದರೆ ಮೈಸೂರು ದೊರೆಗಳ ಕಾಲದಿಂದ ದನಗಳಿಗೆ ಅಂತಲೇ ಬಿಟ್ಟ ಹುಲ್ಲುಗಾವಲು. ಇಲ್ಲಿನ ದನಗಳ ಜಾತ್ರೆಗೆ ಈಗಲೂ ಹಳ್ಳಿಕಾರ್ ಜೋಡಿಗಳು ಸಿಂಗರಿಸಿಕೊಂಡು ಬರುತ್ತವೆ. ಅಂಥ ಜಾಗದಲ್ಲೇ ಕ್ವಾರಿ ಎದ್ದಿತು. ಹಂತ ಹಂತವಾಗಿ ಯಾರ್ಯಾರದೋ ಸಹಿ ಬಿದ್ದಿದೆ, ಒಬ್ಬರತ್ತ ಬೆರಳು ತೋರಿಸಿ ಪ್ರಯೋಜನವಿಲ್ಲ.

ಕಾನೂನಿನ ಕತೆ ಇನ್ನೂ ಮಜವಾಗಿದೆ. ಕಬ್ಬಿಣ, ಕ್ರೋಮೈಟ್‌ನಂಥ ಪ್ರಧಾನ ಖನಿಜಗಳಿಗೆ 2003ರಿಂದಲೇ ಗಣಿ ಮುಚ್ಚುವ ಯೋಜನೆ ಕಡ್ಡಾಯ, ಅದಕ್ಕೆ ಹಣದ ಖಾತ್ರಿಯನ್ನೂ ಇಡಬೇಕು. ಕಟ್ಟಡದ ಕಲ್ಲು ಉಪಖನಿಜ. ಅದರ ನಿಯಮ ಮಾಡುವುದು ರಾಜ್ಯ. ಐದು ಹೆಕ್ಟೇರ್‌ಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಗುಂಡಿ ತೋಡಿ ಆಗಿತ್ತು. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು ಎಂಬ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಿ ಎಂದು ಅದೇ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಹುಲ್ಲುಗಾವಲಾಗಿಯೇ ಇದ್ದ ಬೇಬಿ ಬೆಟ್ಟಕ್ಕೆ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ.

ಹುಲ್ಲು ಬೆಳೆಸೋದು ಅಂದರೆ ಸುಮ್ನೆ ಬೀಜ ಎರಚೋದಲ್ಲ. ನೆಟ್ಟಗಿನ ಗೋಡೆಯನ್ನು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮೇಲ್ಮಣ್ಣನ್ನು ಕಲ್ಲು ತೆಗೆಯುವ ಮುಂಚೆಯೇ ಎತ್ತಿ ರಾಶಿ ಹಾಕಿಟ್ಟಿದ್ದರೆ ಕೆಲಸ ಅರ್ಧ ಹಗುರ. ಇಡದಿದ್ದರೆ ಕೆರೆ ಹೂಳನ್ನಾದರೂ ಹೊಡೆಸಬೇಕು. ಕ್ರಷರ್ ದೂಳು ಕೂತ ಜಾಗದಲ್ಲಿ ನೀರು ಇಂಗುವುದಿಲ್ಲ, ಅದನ್ನು ಕೆರೆದು ತೆಗೆಯಬೇಕು. ಆಮೇಲೆ ಮೊದಲು ಹುಲ್ಲು, ನಂತರ ಹೊಂಗೆ, ಬೇವು, ಅತ್ತಿ. ಬೇಗ ಹಸಿರು ಕಾಣಲಿ ಅಂತ ನೀಲಗಿರಿ, ಅಕೇಶಿಯಾ ನೆಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ದನಕ್ಕೆ ಒಂದು ಹಿಡಿ ಮೇವೂ ಸಿಗುವುದಿಲ್ಲ. ಆಳದ ಗುಂಡಿಯನ್ನು ತುಂಬಿಸಲೇಬೇಕೆಂದಿಲ್ಲ. ಬೇಲಿ ಹಾಕಿ, ಒಂದು ಕಡೆ ಇಳಿಜಾರು ಮಾಡಿಕೊಟ್ಟರೆ ದನ ನೀರಿಗಿಳಿಯಬಹುದು, ಮೀನೂ ಸಾಕಬಹುದು.

ಆಗದ ಕೆಲಸ ಅನ್ನುವವರು ಗುರುಗ್ರಾಮದ ಅರಾವಳಿ ಜೈವಿಕ ಉದ್ಯಾನ ನೋಡಬೇಕು. ಗಣಿಯಿಂದ ಹಾಳಾಗಿದ್ದ ಸುಮಾರು 390 ಎಕರೆಯಲ್ಲಿ 2010ರಿಂದ ಅಲ್ಲಿನದೇ ಗಿಡಗಳನ್ನು ಬೆಳೆಸಿದರು, ಅದೂ ಊರಿನವರು ಕೈಜೋಡಿಸಿ. ಏನೂ ಮಾಡದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಬೆಂಗಳೂರು ಸಾಕು. ಬೆಳ್ಳಹಳ್ಳಿ, ಮಿಟಗಾನಹಳ್ಳಿಯ ಕ್ವಾರಿ ಗುಂಡಿಗಳಿಗೆ ನಗರದ ಕಸ ಬಿತ್ತು.

ದುಡ್ಡಿನ ದಾರಿಯೂ ಇದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ದೆಸೆಯಿಂದ ಪ್ರತ್ಯೇಕ ನಿಗಮವೇ ಆಯಿತು, ಅದರಲ್ಲಿ ಸಾವಿರಾರು ಕೋಟಿ ಕೂಡಿತು. ಮಂಡ್ಯಕ್ಕೆ ಆ ಭಾಗ್ಯವಿಲ್ಲ. ಇಲ್ಲಿರುವುದು 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ, ಗಣಿಯವರು ಕಟ್ಟುವ ಹಣದ ನಿಧಿ. ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಪರಿಸರಕ್ಕೆ ಆ ಹಣದಲ್ಲಿ ಆದ್ಯತೆ. ಗುಂಡಿ ಸರಿಮಾಡೋದು ಪರಿಸರದ ಕೆಲಸವೇ ತಾನೇ? ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳಲು ಅಡ್ಡಿ ಏನಿಲ್ಲ.

ಈ ಮಧ್ಯೆ ಶ್ರೀರಂಗಪಟ್ಟಣ ತಾಲ್ಲೂಕಿನ ಮಾರ್ಲಗಲ್ಲ–ಅಲ್ಲಾಪಟ್ಟಣದಲ್ಲಿ ಬ್ಯಾಟರಿಗೆ ಬಳಸುವ ಲಿಥಿಯಂ ಸಿಕ್ಕಿದೆ. 14,100 ಟನ್ ಎಂದು 2020ರಲ್ಲಿ ಸುದ್ದಿಯಾಗಿದ್ದು ಮರುವರ್ಷದ ಸರ್ಕಾರಿ ಲೆಕ್ಕದಲ್ಲಿ 1,600 ಟನ್‌ಗೆ ಇಳಿಯಿತು. ಲಿಥಿಯಂ ಪ್ರಧಾನ ಖನಿಜ. ಹಾಗಾಗಿ ಅಲ್ಲಿ ಗಣಿ ಶುರುವಾದರೆ ಮುಚ್ಚುವ ಯೋಜನೆಯನ್ನು ಮೊದಲ ದಿನವೇ ತೋರಿಸಬೇಕಾಗುತ್ತದೆ. ಆ ಕಾಗದ ಕನ್ನಡದಲ್ಲಿರಲಿ, ಪಂಚಾಯ್ತಿ ಕಚೇರಿಯಲ್ಲಿ ಓದಲು ಸಿಗಲಿ ಎಂದು ಸುತ್ತಲಿನ ಊರಿನವರು ಈಗಿಂದಲೇ ಪಟ್ಟು ಹಿಡಿಯುವುದು ಒಳ್ಳೆಯದು.