‘ತೀರ್ಪು ಮಾಡಬೇಡಿರಿ’: ಕ್ರಿಯಾಪದದಲ್ಲೇ ನಿಲ್ಲುವ ಅಭ್ಯಾಸ

‘ತೀರ್ಪು ಮಾಡಬೇಡಿರಿ’ ಎಂದು ಯೇಸು ಹೇಳುವ ಮತ್ತಾಯ 7:1–5 ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ. ನಿನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು ನೋಡುವುದೇಕೆ ಎಂಬುದೆಲ್ಲ ಸಂಡೇ ಸ್ಕೂಲಿನಿಂದಲೇ ಕೇಳಿಕೊಂಡು ಬಂದದ್ದು, ಅದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ನಾನು ಮೂರು ವಾರ ಸಿಕ್ಕಿಕೊಂಡದ್ದು ಬೇರೆ ಕಡೆ. ಒಬ್ಬರ ತಪ್ಪು ಕಣ್ಣಿಗೆ ಬಿದ್ದರೆ, ಬಿದ್ದದ್ದೇ ತೀರ್ಪೋ? ಹಾಗಾದರೆ ಕಣ್ಣು ಮುಚ್ಚಿಕೊಂಡು ಬದುಕಬೇಕೋ?

ಅದಂತೂ ಅಲ್ಲ. ಅದೇ ಅಧ್ಯಾಯದ 15ನೇ ವಚನದಿಂದ ಮುಂದಕ್ಕೆ ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ, ಫಲದಿಂದ ಮರವನ್ನು ಗುರುತಿಸಿ ಎಂದು ಯೇಸುವೇ ಹೇಳುತ್ತಾರೆ. ಯೋಹಾನ 7:24ರಲ್ಲಿ ತೋರಿಕೆ ನೋಡದೆ ನ್ಯಾಯವಾಗಿ ತೀರ್ಪು ಮಾಡಿ ಎಂಬ ಮಾತೂ ಇದೆ. ತೊಲೆ ತೆಗೆದ ಮೇಲೆ ರವೆಯನ್ನು ಹಾಗೇ ಬಿಡು ಎಂದೂ 5ನೇ ವಚನ ಹೇಳುವುದಿಲ್ಲ, ಆಗ ನಿನಗೆ ಚೆನ್ನಾಗಿ ಕಾಣುತ್ತದೆ, ತೆಗೆಯಬಹುದು ಎನ್ನುತ್ತದೆ. ಮೂಲದ ಗ್ರೀಕ್ ಪದ ‘ಕ್ರಿನೊ’. ವಿಂಗಡಿಸು, ನಿರ್ಣಯಿಸು, ಅಪರಾಧಿಯೆಂದು ತೀರ್ಮಾನಿಸು, ಮೂರಕ್ಕೂ ಅದೊಂದೇ ಪದ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದೇ ನನ್ನ ತೊಡಕು.

ನನ್ನ ಸಂಗತಿ ಹೇಳುತ್ತೇನೆ. ಶನಿವಾರ ಸಂಜೆ ಪ್ರಾರ್ಥನಾ ಹಾಲ್ ಗುಡಿಸುವುದು ಇಬ್ಬರ ಪಾಳಿ. ನನ್ನ ಜೊತೆಯವರು ಸತತ ಮೂರು ಶನಿವಾರ ಬರಲಿಲ್ಲ. ಮೂರನೇ ವಾರ ಒಬ್ಬಳೇ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದೆ, ಒಂದು ಜಾರಿ ಕಾಲ ಮೇಲೆ ಬಿತ್ತು. ಮನಸ್ಸು ಅಲ್ಲಿಂದ ಶುರುಮಾಡಿತು. ಮೊದಲು, ‘ಇವತ್ತೂ ಬರಲಿಲ್ಲ.’ ಪೊರಕೆ ಹಿಡಿದು ಎರಡನೇ ಸಾಲಿಗೆ ಬರುವಷ್ಟರಲ್ಲಿ, ‘ಬೇಜವಾಬ್ದಾರಿ ಮನುಷ್ಯ.’ ಕಸ ಬಾಗಿಲ ಹತ್ತಿರ ಬರುವ ಹೊತ್ತಿಗೆ, ‘ಇಂಥವರೇ ನಾಳೆ ಮುಂದಿನ ಸಾಲಿನಲ್ಲಿ ನಿಂತು ಕೈ ಎತ್ತಿ ಹಾಡುವುದು.’ ಐದು ನಿಮಿಷ ಆಗಿತ್ತೋ ಇಲ್ಲವೋ.

ಗಂಟು ಬಿಚ್ಚಿದ್ದು 6ನೇ ಶತಮಾನದ ಒಬ್ಬ ಸನ್ಯಾಸಿಯ ಬೋಧನೆಯಿಂದ, ಗಾಜಾದ ದೊರೋಥೆಯೊಸ್. ಮಠದ ಸಹೋದರರಿಗೆ ಅವರು ಮೂರು ಮೆಟ್ಟಿಲು ತೋರಿಸುತ್ತಾರೆ. ‘ಅವನು ಸುಳ್ಳು ಹೇಳಿದ’ ಎಂದು ಆಡಿಕೊಳ್ಳುವುದು ಒಂದು. ‘ಅವನು ಸುಳ್ಳುಗಾರ’ ಎನ್ನುವುದು ಇನ್ನೊಂದು. ಮೂರನೆಯದು ಅವನನ್ನು ಮನಸ್ಸಿನಲ್ಲೇ ಕಸಕ್ಕಿಂತ ಕಡೆಯಾಗಿ ಕಂಡು ದೂರ ತಳ್ಳುವುದು, ತಿರಸ್ಕಾರ. ಮೊದಲನೆಯದನ್ನೂ ಅವರು ಒಳ್ಳೆಯದು ಅನ್ನುವುದಿಲ್ಲ, ಬೆನ್ನ ಹಿಂದೆ ಆಡಿದರೆ ಅದು ಚಾಡಿಯೇ. ಆದರೆ ಎರಡನೆಯದರಲ್ಲಿ ಮಾತು ಒಂದು ಕೃತ್ಯವನ್ನು ಬಿಟ್ಟು ಇಡೀ ಆತ್ಮದ ಮೇಲೆ ಹೋಗಿರುತ್ತದೆ.

ಇದನ್ನು ಓದಿದಾಗ ನನಗೆ ಹೊಳೆದದ್ದು ವ್ಯಾಕರಣ. ಕನ್ನಡದಲ್ಲಿ ಈ ಜಾರುವಿಕೆ ಎಷ್ಟು ಸಲೀಸು ನೋಡಿ. ‘ಕುಡಿದ’ ಕ್ರಿಯಾಪದ, ‘ಕುಡುಕ’ ನಾಮಪದ. ‘ಕೋಪ ಮಾಡಿಕೊಂಡಳು’, ‘ಕೋಪಿಷ್ಠೆ’. ‘ಸಾಲ ತೀರಿಸಲಿಲ್ಲ’, ‘ಮೋಸಗಾರ’. ಕ್ರಿಯಾಪದಕ್ಕೆ ಕಾಲವಿದೆ. ಕುಡಿದದ್ದು ನಿನ್ನೆ, ನಾಳೆಯದು ಇನ್ನೂ ತೆರೆದೇ ಇದೆ. ನಾಮಪದಕ್ಕೆ ಕಾಲವೇ ಇಲ್ಲ. ‘ಕುಡುಕ’ ಅಂದ ಕೂಡಲೇ ಆ ಮನುಷ್ಯನಿಗೆ ಪಶ್ಚಾತ್ತಾಪಪಡಲು ಒಂದು ದಿನವನ್ನೂ ನಾವು ಉಳಿಸಿರುವುದಿಲ್ಲ. ಮೂರನೇ ಮೆಟ್ಟಿಲಿಗೆ ನಾನೇ ಒಂದು ಗುರುತು ಮಾಡಿಕೊಂಡಿದ್ದೇನೆ, ಬಹುವಚನ. ‘ಇಂಥವರು’, ‘ಅವರೆಲ್ಲ ಹಾಗೇ’ ಎಂದು ಬಂತೆಂದರೆ ತಿರಸ್ಕಾರ ಒಳಗೆ ಬಂದು ಕೂತಿದೆ ಎಂದೇ ಅರ್ಥ. ನನ್ನ ಶನಿವಾರವನ್ನು ಇದರ ಪಕ್ಕ ಇಟ್ಟು ನೋಡಿದೆ. ಬರಲಿಲ್ಲ, ಬೇಜವಾಬ್ದಾರಿ, ಇಂಥವರು. ಮೂರೂ ಮೆಟ್ಟಿಲು, ಅದೇ ಕ್ರಮದಲ್ಲಿ.

ಲೂಕ 18ರಲ್ಲಿ ಯೇಸು ಹೇಳುವ ಕಥೆಯಲ್ಲಿ ಇಬ್ಬರು ದೇವಾಲಯದಲ್ಲಿ ಪ್ರಾರ್ಥಿಸುತ್ತಾರೆ, ಧರ್ಮನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ ಒಬ್ಬ, ಸುಂಕ ವಸೂಲಿಯವನು ಇನ್ನೊಬ್ಬ. ಆ ಫರಿಸಾಯನ ಪ್ರಾರ್ಥನೆಯನ್ನೂ ದೊರೋಥೆಯೊಸ್ ಹೀಗೇ ಓದುತ್ತಾರೆ. ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತನೆಯ ಒಂದು ಪಾಲು, ಅವನು ಹೇಳಿದ್ದು ನಿಜವೇ. ದೇವರಿಗೆ ಕೃತಜ್ಞತೆ ಹೇಳಿದ್ದಕ್ಕೂ ಅವನು ಬೀಳಲಿಲ್ಲ. ‘ನಾನು ಈ ಸುಂಕದವನಂತೆ ಅಲ್ಲ’ ಎಂದು ಬೆರಳು ತಿರುಗಿಸಿದನಲ್ಲ, ಅಲ್ಲಿ ಬಿದ್ದ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲೇ ಇದೆ. ಆ ಕೆಲಸದವರ ಮೇಲೆ ಜನರಿಗಿದ್ದ ಸಿಟ್ಟು ಕನ್ನಡದ ಕಿವಿಗೆ ಹೊಸದಲ್ಲ. ಸುಂಕದವನು ಏನೂ ತಪ್ಪು ಮಾಡಿರಲಿಲ್ಲ ಎಂದು ಯೇಸುವೂ ಹೇಳುವುದಿಲ್ಲ. ‘ಪಾಪಿಯಾದ ನನ್ನನ್ನು ಕರುಣಿಸು’ ಎಂದು ಅವನೇ ಒಪ್ಪಿಕೊಳ್ಳುತ್ತಾನೆ.

ಇದು ಮುಖ್ಯ, ಯಾಕೆಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಬೇರೆ. ‘ಅವರಿಗೆ ಏನು ಕಷ್ಟವಿತ್ತೋ ಏನೋ, ಒಳ್ಳೆಯದನ್ನೇ ಊಹಿಸಿ’ ಎನ್ನುತ್ತಾರೆ. ನಾನೂ ಊಹಿಸಿದೆ. ಜ್ವರ ಇರಬಹುದು, ಬಸ್ ತಪ್ಪಿರಬಹುದು. ಆದರೆ ಈ ದಾರಿ ಕಾರಣ ಸಿಗುವವರೆಗೆ ಮಾತ್ರ ನಡೆಯುತ್ತದೆ. ಏನೂ ಕಾರಣವಿರಲಿಲ್ಲ ಎಂದು ಗೊತ್ತಾದ ದಿನ ತೀರ್ಪು ಎರಡರಷ್ಟಾಗಿ ವಾಪಸ್ ಬರುತ್ತದೆ. ಕ್ರಿಯಾಪದದಲ್ಲಿ ನಿಲ್ಲಲು ಊಹೆಯೇ ಬೇಡ. ತಪ್ಪು ತಪ್ಪೇ ಆಗಿದ್ದರೂ ನಿಲ್ಲಬಹುದು.

ಹಾಗಾದರೆ ಇಡೀ ಮನುಷ್ಯನ ಲೆಕ್ಕ ನಮಗೇಕೆ ಸಿಗುವುದಿಲ್ಲ? ದೊರೋಥೆಯೊಸ್ ಹೇಳಿದ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಗುಲಾಮರನ್ನು ಹೊತ್ತ ಹಡಗು ಒಂದು ಊರಿಗೆ ಬರುತ್ತದೆ. ಇಬ್ಬರು ಚಿಕ್ಕ ಹುಡುಗಿಯರು. ಒಬ್ಬಳನ್ನು ದೈವಭಕ್ತೆಯಾದ ಕನ್ಯೆ ಕೊಂಡು ದೇವಭಯದಲ್ಲಿ ಬೆಳೆಸುತ್ತಾಳೆ, ಇನ್ನೊಬ್ಬಳು ಕೆಟ್ಟ ದಾರಿ ಕಲಿಸುವವರ ಕೈಗೆ ಹೋಗುತ್ತಾಳೆ. ಮುಂದೆ ಇಬ್ಬರೂ ಒಂದೇ ಪಾಪದಲ್ಲಿ ಬಿದ್ದರೆ ಇಬ್ಬರಿಗೂ ಒಂದೇ ತೀರ್ಪೇ ಎಂದು ಅವರು ಕೇಳುತ್ತಾರೆ. ಯಾರಿಗೆ ಏನು ಸಿಕ್ಕಿತ್ತು, ಯಾರು ಎಷ್ಟು ಹೋರಾಡಿದರು ಎಂಬುದು ದೇವರೊಬ್ಬನಿಗೇ ಗೊತ್ತು. 1 ಕೊರಿಂಥ 4:5ರಲ್ಲಿ ಕರ್ತನು ಬರುವ ತನಕ, ಕಾಲಕ್ಕೆ ಮೊದಲು ತೀರ್ಪು ಮಾಡಬೇಡಿ ಎಂದು ಪೌಲನು ಬರೆದದ್ದು ಈಗ ಅರ್ಥವಾಗುತ್ತಿದೆ. ಕತ್ತಲಲ್ಲಿ ಅಡಗಿದ್ದನ್ನು ಬೆಳಕಿಗೆ ತರುವವನು ಆತನು, ನಮ್ಮ ಕೈಗೆ ಆ ಕಡತ ಬಂದೇ ಇಲ್ಲ.

ಇನ್ನೊಂದು ಚಿಕ್ಕ ವಿಷಯ. ‘ಯೋಚನೆ ಬಂದದ್ದೇ ಪಾಪವಾಯಿತಲ್ಲ’ ಎಂದು ಗುಂಪಿನಲ್ಲಿ ಒಬ್ಬರು ಕಣ್ಣೀರು ಹಾಕಿದರು. ಈಜಿಪ್ಟಿನ ಮರಳುಗಾಡಿನಲ್ಲಿದ್ದು 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ ಇದಕ್ಕೆ ಉತ್ತರ ಬಿಟ್ಟುಹೋಗಿದ್ದಾರೆ. ಕೆಟ್ಟ ಯೋಚನೆಗಳು ಬಂದು ಕಾಡುವುದು ನಮ್ಮ ಕೈಯಲ್ಲಿಲ್ಲ, ಅವು ಒಳಗೆ ತಂಗಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ‘ಬೇಜವಾಬ್ದಾರಿ’ ಎಂಬ ಪದ ಬಂದಾಗ ನಾನು ಈಗ ಅದರ ಜೊತೆ ಗುದ್ದಾಡುವುದಿಲ್ಲ. ಅದನ್ನು ವಾಪಸ್ ಕ್ರಿಯಾಪದ ಮಾಡುತ್ತೇನೆ, ‘ಮೂರು ಶನಿವಾರ ಬರಲಿಲ್ಲ.’ ಆಮೇಲೆ ಸಂತ ಎಫ್ರೇಮರ ಹೆಸರಿನಲ್ಲಿ ಬಂದಿರುವ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಪ್ರಾರ್ಥನೆಯ ಕೊನೆಯ ಬೇಡಿಕೆ: ನನ್ನ ತಪ್ಪುಗಳು ನನಗೆ ಕಾಣಲಿ, ಸಹೋದರನಿಗೆ ನಾನು ತೀರ್ಪು ಮಾಡದಿರಲಿ. ಅದೇ ಕ್ರಮದಲ್ಲಿ ಹೇಳುತ್ತೇನೆ.

ಈ ಅಭ್ಯಾಸದಿಂದ ಸಿಕ್ಕ ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಕ್ರಿಯಾಪದದ ವಾಕ್ಯವನ್ನು ಆ ಮನುಷ್ಯನ ಎದುರಿಗೇ ಹೇಳಬಹುದು, ನಾಮಪದದ್ದನ್ನು ಬೆನ್ನ ಹಿಂದೆ ಮಾತ್ರ. ಸಹೋದರನ ತಪ್ಪನ್ನು ‘ನೀನೂ ಅವನೂ ಇಬ್ಬರೇ ಇರುವಾಗ’ ತಿಳಿಸು ಎಂಬ ಮತ್ತಾಯ 18:15ರ ಮಾತನ್ನು ನನಗೆ ಇಷ್ಟು ವರ್ಷ ಯಾಕೆ ಪಾಲಿಸಲಾಗಲಿಲ್ಲ ಎಂದು ಈಗ ಗೊತ್ತಾಯಿತು. ನನ್ನ ಬಳಿ ಎದುರಿಗೆ ಹೇಳಬಹುದಾದ ವಾಕ್ಯವೇ ಇರಲಿಲ್ಲ.

ಗುರುವಾರ ಫೋನ್ ಮಾಡಿದೆ. ‘ಮೂರು ಶನಿವಾರ ನೀವು ಬರಲಿಲ್ಲ, ಒಬ್ಬಳಿಗೇ ಕುರ್ಚಿ ಎತ್ತುವುದು ಕಷ್ಟವಾಯಿತು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಹೌದು ಸಿಸ್ಟರ್, ಮರೆತೆ.’ ಜ್ವರ ಇಲ್ಲ, ಬಸ್ ತಪ್ಪಿರಲಿಲ್ಲ. ಮರೆತಿದ್ದರು, ಅಷ್ಟೆ. ಶನಿವಾರ ಅರ್ಧ ಗಂಟೆ ತಡವಾಗಿ ಬಂದರು. ಹಿಂದಿನ ಎರಡು ಸಾಲು ಕುರ್ಚಿ ಮಡಚಿ ಒರಗಿಸಿದರು. ನಾನು ಗುಡಿಸಿದೆ.