ಕೊನೆಯ ತಟ್ಟೆಗೂ ಊಟ ಬಿಸಿಯಾಗಿರಬೇಕು

ರಿಸೆಪ್ಷನ್ ಊಟಕ್ಕೆ ಕೇಟರಿಂಗ್ ಗೊತ್ತು ಮಾಡಲು ಬರುವವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಮೆನುವಿನಲ್ಲಿ ಏನೇನಿರುತ್ತದೆ? ತಟ್ಟೆಗೆ ಎಷ್ಟಾಗುತ್ತದೆ? ಎರಡೂ ಕೇಳಲೇಬೇಕಾದವು. ಆದರೆ ದೊಡ್ಡ ಅಡುಗೆಮನೆಗಳಲ್ಲಿ ವರ್ಷಗಟ್ಟಲೆ ನಿಂತ ನನಗೆ ಇನ್ನೊಂದು ಪ್ರಶ್ನೆ ಇವೆರಡಕ್ಕಿಂತ ಮುಖ್ಯ ಅನಿಸುತ್ತದೆ. ಒಲೆಯಿಂದ ಇಳಿಸಿದ ಅಡುಗೆ ಕೊನೆಯ ಅತಿಥಿಯ ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗಿರುತ್ತದೆ? ಅಷ್ಟೂ ಹೊತ್ತು ಅದು ಎಲ್ಲಿರುತ್ತದೆ?

ರುಚಿ ನೋಡಲು ಕರೆದಾಗ ನಿಮ್ಮ ಮುಂದಿಡುವುದು ಹತ್ತು ಜನಕ್ಕಾಗುವಷ್ಟು ಅಡುಗೆ, ಅದೂ ಆಗ ತಾನೇ ಇಳಿಸಿದ್ದು. ಚೆನ್ನಾಗಿಯೇ ಇರುತ್ತದೆ. ನಾನೂರು ಜನಕ್ಕೆ ಮಾಡುವಾಗ ಲೆಕ್ಕವೇ ಬೇರೆ. ಉಪ್ಪು ಖಾರವನ್ನು ಸುಮ್ನೆ ನಲವತ್ತು ಪಟ್ಟು ಹಾಕಿದರೆ ಅದೇ ರುಚಿ ಬರುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಶಾಖ ಒಳಗೇ ಉಳಿಯುತ್ತದೆ. ಒಲೆ ಆರಿಸಿದ ಮೇಲೂ ತರಕಾರಿ ಬೇಯುತ್ತಲೇ ಇದ್ದು ಮೆತ್ತಗಾಗಿಬಿಡುತ್ತದೆ. ಅದಕ್ಕೇ ನಾನು ಹೇಳುವುದು, ಟೇಸ್ಟಿಂಗ್‌ಗೆ ಹೋದಾಗ ಒಂದಿಷ್ಟು ಅಡುಗೆಯನ್ನು ಮುಚ್ಚಿಡಲು ಹೇಳಿ. ಒಂದು ಗಂಟೆ ಮಾತುಕತೆ ಮುಗಿಸಿ, ಆಮೇಲೆ ಮತ್ತೆ ತಿಂದು ನೋಡಿ. ನಿಮ್ಮ ಹೆಚ್ಚಿನ ಅತಿಥಿಗಳು ತಿನ್ನುವುದು ಆ ಎರಡನೇ ರುಚಿಯನ್ನೇ.

ಒಮ್ಮೆ ಒಂದು ರಿಸೆಪ್ಷನ್ನಿನ ಉಸ್ತುವಾರಿಗೆ ನಿಂತಿದ್ದೆ. ಏಳು ಗಂಟೆಗೆ ಎಲ್ಲವೂ ಟೇಬಲ್ಲಿಗೆ ಬಂದಿತ್ತು. ಫೋಟೊ ತೆಗೆಸಿಕೊಳ್ಳುವವರ ಸಾಲು ಕರಗಲಿಲ್ಲ. ಜನ ಊಟಕ್ಕೆ ಎದ್ದಾಗ ಒಂಬತ್ತೂಕಾಲು. ನಾನು ಒಂದು ಪಾತ್ರೆಯ ಮುಚ್ಚಳ ಎತ್ತಿದೆ. ಹಬೆಯೇ ಏಳಲಿಲ್ಲ. ಮುಚ್ಚಳದ ಒಳಗಡೆ ತಣ್ಣನೆಯ ನೀರಿನ ಹನಿ. ಕೆಳಗಿನ ಬರ್ನರ್ ಯಾವಾಗಲೋ ಆರಿತ್ತು, ಯಾರೂ ನೋಡಿರಲಿಲ್ಲ. ಥರ್ಮಾಮೀಟರ್ ಇಳಿಬಿಟ್ಟರೆ 41 ಡಿಗ್ರಿ. ಪಕ್ಕದ ಪಾತ್ರೆಯದ್ದೂ ಅದೇ ಕಥೆ. ಹುಡುಗಿಯ ಅಮ್ಮ ಪಕ್ಕದಲ್ಲೇ ನಿಂತಿದ್ದರು. ಎರಡೂ ಅಡುಗೆ ಎತ್ತಿಸಿಬಿಟ್ಟೆವು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿಡಬೇಕಾದ್ದು 5 ಡಿಗ್ರಿಗಿಂತ ಕೆಳಗಿರಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಹೊರಗೆ ಹಾಗೇ ಬಿಡಬಾರದು ಅಂತಲೂ ಅದು ಹೇಳುತ್ತದೆ. ಈ ನಡುವಿನ ಬಿಸಿಯಲ್ಲೇ ರೋಗಾಣುಗಳು ವೇಗವಾಗಿ ಬೆಳೆಯುವುದು. ‘ಮತ್ತೊಮ್ಮೆ ಬಿಸಿ ಮಾಡಿಕೊಡ್ತೀವಿ ಬಿಡಿ’ ಅನ್ನುವ ಮಾತಿಗೆ ಒಪ್ಪಬೇಡಿ. ಕೆಲವು ರೋಗಾಣುಗಳು ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅಂಥದ್ದೇ.

ಆದ್ದರಿಂದ ನೇರವಾಗಿ ಕೇಳಿ. ಅಡುಗೆ ಹಾಲ್‌ನಲ್ಲೇ ಮಾಡುತ್ತೀರಾ, ಬೇರೆ ಕಡೆ ಮಾಡಿ ತರುತ್ತೀರಾ? ತರುವುದಾದರೆ ಯಾವ ಪಾತ್ರೆಯಲ್ಲಿ, ಎಷ್ಟು ದೂರದಿಂದ? ಒಂದೇ ಸಲ ಎಲ್ಲ ಬೇಯಿಸುತ್ತೀರಾ, ಕಂತುಕಂತಾಗಿ ಮಾಡುತ್ತೀರಾ? ಥರ್ಮಾಮೀಟರ್ ಇದೆಯಾ? ಈ ಕೊನೆಯ ಪ್ರಶ್ನೆಗೆ ಒಳ್ಳೆಯ ಅಡುಗೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಜೇಬಿನಿಂದ ತೆಗೆದೇ ತೋರಿಸುತ್ತಾರೆ.

ಬಡಿಸುವವರ ವಿಷಯವನ್ನೂ ಬಿಡಬೇಡಿ. ಅಡುಗೆ ಎಷ್ಟೇ ಚೆನ್ನಾಗಿರಲಿ, ಒಂದೇ ಕೌಂಟರ್ ಇಟ್ಟರೆ ಸಾಲಿನ ಕೊನೆಯವರು ಕಾದು ಕಾದು ಸುಸ್ತಾಗುತ್ತಾರೆ. ನೂರು ಜನಕ್ಕೊಂದು ಕೌಂಟರ್ ಇರಲಿ ಅಂತ ನಾನು ಹಟ ಮಾಡುತ್ತೇನೆ. ಟೇಬಲ್ಲಿನ ಎರಡೂ ಬದಿಯಿಂದ ಬಡಿಸಿಕೊಳ್ಳುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಅಲರ್ಜಿ ಇರುವ ಅತಿಥಿಗಳಿದ್ದರೆ ಮೊದಲೇ ತಿಳಿಸಿ. ನೆಲಗಡಲೆ, ಹಾಲು, ಎಳ್ಳು, ಗೋಧಿ ಯಾವುದರಲ್ಲಿದೆ ಅನ್ನುವುದು ಬಡಿಸುವ ಹುಡುಗರಿಗೂ ಗೊತ್ತಿರಬೇಕು. ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋದರೆ ಸಾಕು, ಎಚ್ಚರಿಕೆಯೆಲ್ಲ ನೀರುಪಾಲು.

ಮಾತಾಡಿದ್ದನ್ನು ಕಾಗದದ ಮೇಲೆ ಹಾಕಿಸಿಕೊಳ್ಳಿ. ಎಷ್ಟು ತಟ್ಟೆ, ಯಾವ ದಿನದವರೆಗೆ ಸಂಖ್ಯೆ ಬದಲಿಸಬಹುದು, ಜನ ಜಾಸ್ತಿ ಬಂದರೆ ಏನು, ತಟ್ಟೆ ಎಣಿಸುವವರು ಯಾರು. ಅವತ್ತು ಖುದ್ದಾಗಿ ಅಲ್ಲಿ ನಿಲ್ಲುವವರ ಹೆಸರೂ ಇರಲಿ. ನಿಮ್ಮ ಜೊತೆ ಮಾತಾಡಿದವರು ಒಬ್ಬರು, ಅವತ್ತು ಬರುವವರು ಇನ್ನೊಬ್ಬರು ಆಗುವುದು ತುಂಬಾ ಮಾಮೂಲು.

ಅಡ್ವಾನ್ಸ್ ಕೊಡುವ ಮೊದಲು ಇನ್ನೊಂದು ಕೆಲಸ ಇದೆ. ಅವರಿಂದ ಈಚೆಗೆ ಊಟ ಹಾಕಿಸಿದ ಒಂದೆರಡು ಮನೆಯವರ ನಂಬರ್ ಕೇಳಿ ಫೋನ್ ಮಾಡಿ. ಊಟ ಹೇಗಿತ್ತು ಅಂದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. ಅದರ ಬದಲು, ಕೊನೆಗೆ ಊಟಕ್ಕೆ ಕೂತವರು ಯಾರು, ಅವರಿಗೆ ಏನೇನು ಉಳಿದಿತ್ತು, ಬಿಸಿಯಾಗಿತ್ತಾ ಅಂತ ಕೇಳಿ. ಹೆಚ್ಚಾಗಿ ಕೊನೆಗೆ ಕೂರುವುದು ಮನೆಯವರೇ ಅಲ್ವಾ, ಅವರಿಗೆ ಅದು ಚೆನ್ನಾಗಿ ನೆನಪಿರುತ್ತದೆ.